ಅಕ್ಕನ ಪ್ರಶ್ನೆಯನ್ನು ನಾನು ಬರೆಯಲಿಲ್ಲ

ನಮ್ಮ ಬೆಳಗಿನ ಪ್ಯಾಸೆಂಜರ್ ರೈಲು ಟೇಕಲ್ ದಾಟಿದ ಮೇಲೆ ಒಂದು ಕಡೆ ನಿಲ್ಲುತ್ತದೆ. ದಿನವೂ ಅಲ್ಲ, ವಾರಕ್ಕೆ ಎರಡು ಸಲ, ಕೆಲವು ವಾರ ಮೂರು ಸಲ. ಪಕ್ಕದ ಹಳಿಗೆ ಸರಿದು ನಿಂತರೆ, ಹಿಂದಿನಿಂದ ಯಾವುದೋ ದೊಡ್ಡ ರೈಲು ಬಂದು ದಾಟಿ ಹೋಗುವವರೆಗೆ ಅಲುಗುವುದಿಲ್ಲ. ಆಗ ಹೆಂಗಸರ ಡಬ್ಬಿಯಲ್ಲಿ ಮಾತು ಕಡಿಮೆಯಾಗುತ್ತದೆ. ಎಲ್ಲರೂ ಫೋನಿನಲ್ಲಿ ಗಂಟೆ ನೋಡುತ್ತಾರೆ. ನನ್ನ ಒಡಹುಟ್ಟಿದ ಅಕ್ಕ ಮಾತ್ರ ಫೋನು ನೋಡುತ್ತಿರಲಿಲ್ಲ. ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು ಆ ದೊಡ್ಡ ರೈಲು ಬರುವ ದಿಕ್ಕನ್ನೇ ನೋಡುತ್ತಿದ್ದಳು.

ಅಕ್ಕ ಬೆಂಗಳೂರಿನ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಎಂಟು ಗಂಟೆಗೆ ಅಲ್ಲಿರಬೇಕು. ಅವಳು ಹೋಗದೆ ರಾತ್ರಿ ಪಾಳಿಯ ಆಯಾ ಮನೆಗೆ ಹೊರಡುವಂತಿಲ್ಲ. ತಡವಾಯಿತೆಂದು ಅಲ್ಲಿಯವರು ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. ಮೂರನೆಯ ಸಲ ಕರೆದರೆ ಅದು ಎಚ್ಚರಿಕೆಗೆ ಅಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ವೈಟ್‌ಫೀಲ್ಡಿನ ಆಫೀಸೊಂದರಲ್ಲಿ ಕಸ ಗುಡಿಸಿ ನೆಲ ಒರೆಸುತ್ತೇನೆ. ಹತ್ತು ನಿಮಿಷ ಹಿಂದುಮುಂದಾದರೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಅಕ್ಕ ಹತ್ತುತ್ತಿದ್ದದ್ದು ಗಂಡನ ಮನೆಯಿರುವ ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ, ನಾನು ಬಂಗಾರಪೇಟೆಯಲ್ಲಿ. ಅವಳು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತನ್ನ ಹೆಸರು ಮಾತ್ರ ಬರೆಯುತ್ತಾಳೆ. ನಾನು ಏಳನೇ ಕ್ಲಾಸು ಓದಿದ್ದೇನೆ. ಓದಿದ್ದು ಅಷ್ಟೇ ಆದರೂ ನಮ್ಮ ಡಬ್ಬಿಯಲ್ಲಿ ರೇಷನ್ ಕಾರ್ಡಿನ ಅರ್ಜಿ, ಬ್ಯಾಂಕಿನ ಚೀಟಿ, ಆಸ್ಪತ್ರೆಯ ಕಾಗದ ಎಲ್ಲ ನನ್ನ ಕೈಗೇ ಬರುತ್ತಿದ್ದವು.

ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ ನಡುವಯಸ್ಸಿನ ಗಂಡಸೊಬ್ಬ ಬಂಗಾರಪೇಟೆಯಲ್ಲಿ ನಮ್ಮ ಡಬ್ಬಿ ಹತ್ತಿದ. ಊರ್ಗಾಮಿನಲ್ಲಿ ಹತ್ತುವ ಹೆಂಗಸೊಬ್ಬಳಿದ್ದಾಳೆ, ಬಾಯಿ ದೊಡ್ಡದು. ಅವಳು ಶುರು ಮಾಡಿದಳು.

"ಲೇಡೀಸ್ ಡಬ್ಬಿ ಅಂತ ಬೋರ್ಡ್ ಆಕವ್ರೆ ಸಾರ್. ಕನ್ನಡಕ ಕತ್ತಿಗೆ ಆಕ್ಕೊಂಡ್ರೆ ಎಂಗೆ ಕಾಣ್ತದೆ, ಕಣ್ಣಿಗೆ ಆಕ್ಕೊಳ್ಳಿ."

ಡಬ್ಬಿಗೆ ಡಬ್ಬಿಯೇ ನಕ್ಕಿತು. ಅವನು ಇಳಿದ. ಬಾಗಿಲ ಹತ್ತಿರ ನಿಂತಿದ್ದ ನನ್ನ ಕೈಗೆ ಪ್ಲಾಟ್‌ಫಾರಂನಿಂದಲೇ ಒಂದು ಕಟ್ಟು ಕಾಗದ ಕೊಟ್ಟ. ನಾಳೆ ಇಲ್ಲೇ ಸಿಗುತ್ತೇನೆ, ಸ್ವಲ್ಪ ಮುಂಚೆ ಬನ್ನಿ ಮೇಡಂ ಅಂದ.

ಮರುದಿನ ಮುಂಚೆ ಹೋದೆ. ಚೆನ್ನೈಯಿಂದ ಬೆಂಗಳೂರಿಗೆ ಬಾಣದಂತೆ ಹೋಗುವ ಹೊಸ ರೈಲಿಗೆ ಬೇರೆಯದೇ ಹಳಿ ಹಾಕುವ ಮಾತಿದೆ, ಜನ ಏನು ಹೇಳುತ್ತಾರೆ ಎಂದು ಕೇಳುವ ಕೆಲಸ ತನ್ನ ಕಂಪನಿಗೆ ಸಿಕ್ಕಿದೆ ಅಂದ. ಈ ಫಾರಂಗಳನ್ನು ನಾನು ತುಂಬಿಸಿಕೊಟ್ಟರೆ ಸಾಕು. "ಈ ಕಡೆ ಸ್ಟೇಷನ್ ಬಂದ್ರೆ ಕ್ಲೀನಿಂಗಿಗೆ ಹೆಂಗಸರು ಬೇಕಾಗ್ತಾರೆ ಮೇಡಂ. ಸಹಾಯ ಮಾಡಿದವರ ಫೋನ್ ನಂಬರ್ ಮೊದಲು ಹೋಗುತ್ತೆ" ಅಂದ. ಆಮೇಲೆ ಕಾಗದದ ಕೊನೆಯಲ್ಲಿದ್ದ ಖಾಲಿ ಗೆರೆಗಳನ್ನು ತೋರಿಸಿದ. "ಇಲ್ಲಿ ದೂರು ಗೀರು ಬೇಡ. ದೂರು ಇರೋ ಫಾರಂ ಪಕ್ಕಕ್ಕೆ ಇಟ್ಟುಬಿಡ್ತಾರೆ. ಬರೆಯೋದಾದ್ರೆ ಒಳ್ಳೇದು ಬರೀರಿ."

ಕೆಜಿಎಫ್ ಕಡೆಯವರು ಕಾಗದ ಎಂದರೆ ಅನುಮಾನದ ಜನ. ಅಕ್ಕನ ಮಾವ ಅಲ್ಲಿನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೆ ಅವರು ರುಜು ಹಾಕಿದ ಕಾಗದಗಳೇ ಒಂದು ಟ್ರಂಕು ತುಂಬ ಇವೆ. ಒಂದಕ್ಕೂ ಉತ್ತರ ಬಂದದ್ದನ್ನು ನಾವು ಕಂಡಿಲ್ಲ. ಆ ಅನುಮಾನ ನನಗೂ ಇತ್ತು. ಆದರೆ ಮೇಡಂ ಎಂದು ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ಕೆಲಸ, ನಾಲ್ಕು ಗಂಟೆಗೆ ಏಳಬೇಕಿಲ್ಲ ಎಂಬುದು ತಲೆಯೊಳಗೆ ಹೊಕ್ಕಿತು. ಹೊಕ್ಕ ಮೇಲೆ ಅನುಮಾನ ಹಿಂದೆ ಸರಿಯಿತು.

ಡಬ್ಬಿಯಲ್ಲಿ ಒಬ್ಬೊಬ್ಬರಿಗೂ ಓದಿ ಹೇಳಿದೆ. ಹೊಸ ರೈಲಿನಲ್ಲಿ ಹೋಗುತ್ತೀರಾ, ಟಿಕೆಟಿಗೆ ಎಷ್ಟು ಕೊಡಬಲ್ಲಿರಿ, ಒಂದು ಗಂಟೆ ಉಳಿದರೆ ಏನು ಮಾಡುತ್ತೀರಿ ಎಂದೆಲ್ಲ ಪ್ರಶ್ನೆ.

"ಮಲಿಕ್ಕೊಂತೀನಿ ಅಂತ ಬರಿ" ಅಂದಳು ಊರ್ಗಾಮಿನವಳು. "ಎಷ್ಟು ಕೊಡ್ತೀರಿ ಅಂತ ಯಾಕೆ ಕೇಳ್ತವ್ರೆ ಗೊತ್ತಾ? ಜಾಸ್ತಿ ಯೋಳುದ್ರೆ ದುಡ್ಡಿರೋರು ಅಂತ ರೇಷನ್ ಕಾರ್ಡು ಕಿತ್ಕೊಂತಾರೆ. ನಂದು ಸೊನ್ನೆ."

"ಸೊನ್ನೆಗೆ ಯಾವ ರೈಲೂ ಬರಲ್ಲ" ಅಂದೆ.

"ಬರ್ದೇ ಇದ್ರೆ ಬೇಡ. ನಾನೇನು ಕರ್ದ್ನಾ? ಫೋನ್ ನಂಬರ್ರೂ ಬರೀಬೇಡ, ಫೋನೇ ಇಲ್ಲ ಅನ್ನು." ಅಷ್ಟರಲ್ಲಿ ಅವಳ ಮಡಿಲಿನಲ್ಲಿ ಫೋನು ಬಡಿದುಕೊಂಡಿತು. ಪಕ್ಕದಲ್ಲಿದ್ದ ತಮಿಳು ಮುದುಕಿ, "ಇಲ್ಲಾದ ಫೋನ್ ಕೂಪಿಡುದು, ಎಡು ಎಡು" ಎಂದು ತನ್ನ ಭಾಷೆಯಲ್ಲೇ ಇಲ್ಲದ ಫೋನನ್ನು ಎತ್ತಲು ಹೇಳಿ ಅವಳ ತೊಡೆಗೆ ಒಂದು ಕೊಟ್ಟಳು.

ಅಕ್ಕ ಮಾತ್ರ ನಗಲಿಲ್ಲ. ತನ್ನ ಸರದಿ ಬಂದಾಗ, "ಆ ಕಡೇಲಿ ಖಾಲಿ ಐತಲ್ಲ, ಅದು ಏನಕ್ಕೆ?" ಎಂದು ಕೇಳಿದಳು.

"ಏನಾದ್ರೂ ಹೇಳೋದಿದ್ರೆ ಬರೆಯೋಕೆ."

"ಅಂಗಾರೆ ಬರ್ಕೋ. ನಂಗೆ ಆ ರೈಲು ಬೇಕೂ ಅನ್ನಲ್ಲ, ಬೇಡಾನೂ ಅನ್ನಲ್ಲ. ದೊಡ್ಡ ರೈಲೆಲ್ಲಾ ಆ ಹೊಸ ಹಳಿಗೆ ಓದ್ರೆ, ಈ ಹಳಿ ನಮ್ಗೆ ಬಿಡ್ತಾರಾ? ನಮ್ಮ ರೈಲು ಟೇಕಲ್ ತಾವ ನಿಲ್ದೆ ಎಂಟು ಗಂಟೆಗೆ ಓಗಿ ಸೇರ್ತದಾ? ಸೇರ್ತದೆ ಅಂದ್ರೆ ಕಟ್ಲಿ. ಅಲ್ಲೂ ದೊಡ್ಡ ರೈಲೇ, ಇಲ್ಲೂ ದೊಡ್ಡ ರೈಲೇ ಅಂದ್ರೆ ಅಷ್ಟು ದುಡ್ಡು ಯಾಕೆ ಸುರೀಬೇಕು? ಇದನ್ನ ಕೇಳವ್ಳೆ ಅಂತ ನನ್ನ ಹೆಸ್ರಾಕಿ ಬರಿ."

ಇವತ್ತಿಗೂ ನನಗೆ ಅದಕ್ಕಿಂತ ಸರಿಯಾದ ಪ್ರಶ್ನೆ ಗೊತ್ತಿಲ್ಲ. ಟಿವಿಯಲ್ಲಿ ಕೋಟು ಹಾಕಿದವರು ಗಂಟೆಗಟ್ಟಲೆ ವಾದ ಮಾಡುವುದನ್ನು ನೋಡಿದ್ದೇನೆ. ಅಕ್ಕ ಕೇಳಿದ್ದನ್ನು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಬರೆದದ್ದು ಬೇರೆ. "ಹೊಸ ರೈಲು ಬೇಗ ಬರಲಿ. ನಮ್ಮ ಊರಿಗೆ ಒಳ್ಳೆಯದಾಗಲಿ" ಎಂದು ಬರೆದೆ. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು.

"ಓದು ನೋಡಾನ" ಅಂದಳು.

ಆ ಎರಡು ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಸರಿಸುತ್ತಾ, ಅವಳು ಹೇಳಿದ್ದನ್ನೇ ಹೇಳಿದೆ. ಒಂದು ಮಾತೂ ಬಿಡಲಿಲ್ಲ.

"ಅಷ್ಟು ಮಾತು ಇಷ್ಟಕ್ಕೇ ಇಡೀತಾ?"

"ಬರೆದರೆ ಚಿಕ್ಕದಾಗ್ತದೆ ಅಕ್ಕ."

ಅವಳು ತಲೆಯಾಡಿಸಿ, ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದಳು. ಉಳಿದವರ ಕಾಗದಕ್ಕೂ ರುಜು, ಹೆಬ್ಬೆಟ್ಟು ಮೊದಲೇ ಹಾಕಿಸಿಕೊಂಡಿದ್ದೆ. ಭಾನುವಾರ ಮನೆಯಲ್ಲಿ ಕೂತು, ಬೇಡ ಅಂದವರು, ಸೊನ್ನೆ ಅಂದವರು, ಎರಡೂ ಅನ್ನದ ಅಕ್ಕ, ಎಲ್ಲರಿಗೂ ಬೇಕು ಎಂಬಲ್ಲಿ ಗುರುತು ಹಾಕಿದೆ. ಸೋಮವಾರ ಆ ಮನುಷ್ಯ ಕಟ್ಟನ್ನು ತೆಗೆದುಕೊಂಡು, ನನ್ನ ನಂಬರನ್ನು ತನ್ನ ಅಂಗೈ ಮೇಲೆ ಬರೆದುಕೊಂಡು ಹೋದ. ಅವನ ಫೋನು ಇಂದಿಗೂ ಬಂದಿಲ್ಲ.

ಅಕ್ಕ ತನ್ನ ಪ್ರಶ್ನೆಯನ್ನು ಮರೆಯಲಿಲ್ಲ. ಬರೆದು ಕೊಟ್ಟಿದ್ದೀನಿ, ಉತ್ತರ ಬರಲೇಬೇಕು ಎಂದು ಡಬ್ಬಿಯಲ್ಲಿ ಎಲ್ಲರಿಗೂ ಹೇಳಿದಳು. ಐದಾರು ತಿಂಗಳ ಮೇಲೆ, ಬಂಗಾರಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಹೊಸ ಹಳಿಯ ಬಗ್ಗೆ ಸಭೆ ಇದೆ ಎಂದು ಗೊತ್ತಾಯಿತು. ಅಕ್ಕ ಕೆಲಸಕ್ಕೆ ರಜೆ ಹಾಕಿ ಬಂದಳು. ಈಗಲೇ ನಿನ್ನ ಮೇಲೆ ಕಣ್ಣಿದೆ, ರಜೆ ಹಾಕಬೇಡ ಎಂದು ನಾನು ಎರಡು ಸಲ ಹೇಳಿದೆ. ಅವಳ ಕೆಲಸದ ಚಿಂತೆಯಿಂದ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ. ನಿಜವಾಗಿ ನನಗೆ ಭಯವಿತ್ತು.

ಹೊಸ ಹಳಿಗೆ ಜಮೀನು ಹೋಗುವವರು ಒಬ್ಬೊಬ್ಬರಾಗಿ ಮಾತಾಡಿದರು. ಆಮೇಲೆ ಅಕ್ಕ ಎದ್ದು ನಿಂತಳು. "ಸಾರ್, ನಾನು ರೈಲಲ್ಲಿ ಒಂದು ಪ್ರಶ್ನೆ ಬರ್ಸಿದ್ದೆ. ಅದ್ಕೆ ಏನ್ ಯೋಳುದ್ರಿ?"

ಮೇಜಿನ ಹಿಂದಿದ್ದ ಅಧಿಕಾರಿ ಕಾಗದ ತಿರುವಿದರು. "ರೈಲಿನ ಪ್ರಯಾಣಿಕರಿಂದ ಯಾವ ಪ್ರಶ್ನೆಯೂ ಬಂದಿಲ್ಲಮ್ಮ. ಎಲ್ಲರೂ ಬೇಕು ಅಂದಿದ್ದಾರೆ. ಆ ಭಾಗ ಮುಗಿಯಿತು, ಇವತ್ತು ಜಮೀನಿನವರದು ಮಾತ್ರ."

"ಬರ್ಸಿದೀನಿ ಸಾರ್. ನನ್ನ ತಂಗೀನೇ ಬರ್ದವಳೆ. ಇಲ್ಲೇ ಕುಂತವಳೆ, ಕೇಳಿ."

ಅವರು ನನ್ನ ಕಡೆ ನೋಡಿದರು. ಜಗಳದ ಮುಖ ಅಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಮುಖ. "ಬರೆದಿದ್ರಾ ಅಮ್ಮ?"

"ಬರೆದಿದ್ದೆ ಸಾರ್."

ಹಿಂದಿನಿಂದ ಯಾರೋ "ಕಾಗ್ದ ಅರ್ದಾಕವ್ರೆ" ಅಂದರು. ಆ ಮಾತು ಮಂಟಪದ ತುಂಬ ಹರಡಿತು. ಅಧಿಕಾರಿ ಏನೋ ಹೇಳಲು ಹೋದರು, ಯಾರಿಗೂ ಕೇಳಿಸಲಿಲ್ಲ. ಅಕ್ಕ ನನ್ನ ಪಕ್ಕ ಕೂತು, ನನ್ನ ಕೈ ಹಿಡಿದುಕೊಂಡು, "ನೋಡ್ದಾ, ಎಂಥಾ ಜನ" ಅಂದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಎಷ್ಟೋ ದಿನ ಡಬ್ಬಿಯಲ್ಲಿ ಅದೇ ಮಾತು. ಕನ್ನಡಕದವನು ಅಕ್ಕನ ಕಾಗದ ಹರಿದುಹಾಕಿದ, ದುಡ್ಡು ತಿಂದ, ಅವನ ಕೈ ಬಿದ್ದುಹೋಗಲಿ. ಎಲ್ಲರ ಜೊತೆ ನಾನೂ ಬೈದೆ. ಒಂದು ದಿನ ಎಲ್ಲರಿಗಿಂತ ಹೆಚ್ಚು ಬೈದೆ.

ಆ ತಿಂಗಳ ಕೊನೆಗೆ ರೈಲು ಮತ್ತೆ ನಿಂತಿತು, ಅರ್ಧ ಗಂಟೆಗೂ ಹೆಚ್ಚು. ನರ್ಸಿಂಗ್ ಹೋಮಿನವರು ಅಕ್ಕನನ್ನು ಒಳಗೆ ಕರೆದು, ಒಂದನೇ ತಾರೀಖಿನಿಂದ ಬರಬೇಡ ಅಂದರು. ತಡ ಒಂದೇ ಅಲ್ಲ, ಆ ರಜೆಯನ್ನೂ ಎತ್ತಿ ಆಡಿದರಂತೆ. ಈಗ ಅವಳು ರಾಬರ್ಟ್‌ಸನ್‌ಪೇಟೆಯ ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಾಳೆ, ಕರೆದ ದಿನ ಮಾತ್ರ.

ನಾನು ಆ ಪ್ರಶ್ನೆ ಬರೆದಿದ್ದರೆ ಅವಳ ಕೆಲಸ ಉಳಿಯುತ್ತಿತ್ತೇ? ಉಳಿಯುತ್ತಿರಲಿಲ್ಲ. ಹಾಗೆಂದು ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆದರೆ ಆ ರಜೆ ಅವಳು ಹಾಕಿದ್ದು ಇಲ್ಲದ ಪ್ರಶ್ನೆಗೆ ಉತ್ತರ ಕೇಳಲು. ಇಲ್ಲದಂತೆ ಮಾಡಿದ್ದು ನಾನು. ಅಷ್ಟು ದುಡ್ಡು ಹಾಕಿ ಅಂಥ ರೈಲು ಕಟ್ಟುವುದು ಸರಿಯೋ ತಪ್ಪೋ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಜನ ಬೇಕು ಅನ್ನುತ್ತಿದ್ದಾರೆ ಎಂದು ಯಾರಾದರೂ ಹೇಳಿದರೆ ಮಾತ್ರ ನಾನು ನಂಬುವುದಿಲ್ಲ. ಆ ಬೇಕು ಹೇಗೆ ತಯಾರಾಗುತ್ತದೆ ಎಂದು ನನಗೆ ಗೊತ್ತು. ನಮ್ಮ ಡಬ್ಬಿಯಲ್ಲಿ ಹಾಗಾದದ್ದು ಬೇರೆ ಡಬ್ಬಿಗಳಲ್ಲಿ, ಬೇರೆ ಊರುಗಳಲ್ಲಿ ಆಗಿಲ್ಲ ಎಂದು ಹೇಗೆ ಹೇಳಲಿ?

ಹೋದ ಯುಗಾದಿ ಕಳೆದು ಒಂದು ಭಾನುವಾರ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ, "ಆ ಮನುಷ್ಯನ್ನ ಎಷ್ಟು ಬೈದೆ ನಾನು. ನೀನು ಪಕ್ಕದಾಗೆ ಕುಂತು ಕೇಳ್ತಿದ್ದೆ" ಅಂದಳು.

"ತಪ್ಪಾಯ್ತು ಅಕ್ಕ."

"ನಂಗೆ ಯಾಕೆ ಯೋಳ್ತೀಯಾ. ಡಬ್ಬೀಲಿ ಯೋಳು. ನಾಳೆ ನಾನೂ ಬತ್ತೀನಿ."

ಮರುದಿನ ಟಿಕೆಟ್ ತೆಗೆದು ನಿಜವಾಗಿಯೂ ಬಂದಿದ್ದಳು. ಬಂಗಾರಪೇಟೆ ಬಿಟ್ಟ ಮೇಲೆ ನಾನು ಎದ್ದು ನಿಂತು ಹೇಳಿದೆ. ಅಕ್ಕನ ಕಾಗದ ಯಾರೂ ಹರಿದಿಲ್ಲ, ನಾನೇ ಬೇರೆ ಬರೆದೆ ಅಂದೆ. ಗದ್ದಲವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಊರ್ಗಾಮಿನವಳು ನನ್ನ ಕಡೆ ತಿರುಗಿ ಕೇಳಿದಳು.

"ನಮ್ದುಕ್ಕೂ ಅಂಗೇ ಮಾಡ್ದಾ?"

"ಹೂಂ."

"ಎಲ್ಲಾರ್ದೂ?"

"ಎಲ್ಲರದೂ."

"ಅಂಗಾರೆ ಬೇಕು ಅಂದಿದ್ದು ನಾವ್ಯಾರೂ ಅಲ್ಲ. ನೀನೊಬ್ಬಳೇ."

ಅಕ್ಕನ ಕಡೆ ನೋಡಿದೆ. ಚಿಕ್ಕಂದಿನಿಂದ ಯಾರು ನನ್ನ ಮೇಲೆ ಬಂದರೂ ಅಡ್ಡ ನಿಲ್ಲುತ್ತಿದ್ದವಳು ಅವಳು. ಆ ದಿನ ಅವಳು ಕಿಟಕಿಯ ಸರಳಿಗೆ ಕೆನ್ನೆ ಒತ್ತಿಕೊಂಡು, ಹಿಂದಿನಂತೆಯೇ ದೊಡ್ಡ ರೈಲು ಬರುವ ದಿಕ್ಕನ್ನು ನೋಡುತ್ತಿದ್ದಳು.