ಊಹೂಂ ಟೀಚರ್

ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರ ಬಾಯಿ ಕಟ್ಟುತ್ತದೆ ಅನ್ನುವುದುಂಟು. ಈ ಕತೆಗೆ ಮಾತ್ರ ಯಾರೂ ಹೂಂಗುಟ್ಟಬೇಡಿ. ಯಾಕೆಂದರೆ ಇಂಥದೇ ಒಂದು ಹೂಂ, ಒಬ್ಬ ಹುಡುಗಿಯ ಓದನ್ನೇ ನುಂಗಲು ಹೊರಟಿತ್ತು.

ಟೀಚರ್ ಆ ಶಾಲೆಗೆ ಬಂದದ್ದು ಹೊಲಿಗೆ ಕಲಿಸುವುದಕ್ಕೆ. ಹೊಲಿಗೆ ಯಂತ್ರಗಳು ಒಂದೊಂದಾಗಿ ತುಕ್ಕು ಹಿಡಿದು ಮೂಲೆ ಸೇರಿದವು. ಟೀಚರನ್ನು ಹಾಗೆ ಮೂಲೆಗೆ ತಳ್ಳಲಾದೀತೇ? ಯಾರಿಗೂ ಬೇಡವಾಗಿದ್ದ ವ್ಯಕ್ತಿತ್ವ ವಿಕಸನದ ಪೀರಿಯಡ್ಡನ್ನು ಹೆಡ್‌ಮಾಸ್ಟರು ಆಕೆಯ ಕೊರಳಿಗೆ ಕಟ್ಟಿದರು. ಶುಕ್ರವಾರದ ಕೊನೆಯ ಗಂಟೆ, ಮಕ್ಕಳ ಹೊಟ್ಟೆಯೂ ಬ್ಯಾಗೂ ಮನೆಯ ಕಡೆ ಮುಖ ಮಾಡಿರುವ ಹೊತ್ತು.

"ನೆಟ್ಟಗೆ ನಿಲ್ಲೋದು, ನಗ್ತಾ ಮಾತಾಡೋದು, ಅಷ್ಟು ಕಲಿಸಿ ಸಾಕು," ಅಂದಿದ್ದರು ಹೆಡ್‌ಮಾಸ್ಟರು.

ಟೀಚರ್ ಮೊದಲ ದಿನ ಬೋರ್ಡಿನ ಮೇಲೆ ಹೂಂ ಎಂದು ಬರೆದು, ಪಕ್ಕದಲ್ಲಿ ಊಹೂಂ ಎಂದು ಬರೆದರು.

"ಇವೆರಡರ ಮಧ್ಯೆ ಇರೋದು ಒಂದೇ ಒಂದು ಊ. ಅದು ನಿಮ್ಮೆಲ್ಲರ ಗಂಟಲಲ್ಲಿ ಸಿಕ್ಕಾಕ್ಕೊಂಡಿದೆ. ಅದನ್ನ ಹೊರಗೆ ತೆಗೆಯೋದೇ ಈ ಕ್ಲಾಸು."

ಮಕ್ಕಳು ಬಿದ್ದು ಬಿದ್ದು ನಕ್ಕರು. ಎದುರುಬದುರು ನಿಂತು, ಒಬ್ಬರು ಏನಾದರೂ ಕೇಳಬೇಕು, ಇನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ಊಹೂಂ ಅನ್ನಬೇಕು ಎಂದಾಗ ನಗು ನಿಂತಿತು. ಎಲ್ಲರಿಗಿಂತ ಉದ್ದವಿದ್ದ, ಗಳ ಎಂದೇ ಹೆಸರಾದ ಹುಡುಗ ಎದುರಿನವನು ಕೇಳಿದಂತೆಲ್ಲ ಪೆನ್ನು ಕೊಟ್ಟ, ಟೋಪಿ ಕೊಟ್ಟ, ಕೊನೆಗೆ ಬೂಟು ಬಿಚ್ಚಲು ಬಗ್ಗಿದ.

"ಏನೋ ಇದು, ಕ್ಲಾಸಿಗೆ ಬಂದೆಯೋ ದಾನ ಮಾಡೋಕೆ ಬಂದೆಯೋ?" ಎಂದರು ಟೀಚರ್.

"ಯಾಕೆ ಕೊಡಲ್ಲ ಅಂತ ಕೇಳ್ತಾನೆ ಮಿಸ್. ಕಾರಣ ಹೊಳೀಲಿಲ್ಲ."

"ಕಾರಣ ಯಾಕೋ ಕೊಡ್ತೀಯ? ಕಾರಣ ಅಂದ್ರೆ ಬಟ್ಟೆ ಅಂಚಲ್ಲಿ ಬಿಟ್ಟ ದಾರ. ಹಿಡಿದು ಎಳೆದ್ರೆ ಪೂರ್ತಿ ಬಿಚ್ಕೊಳ್ಳತ್ತೆ."

ಹೂಂ ಕೂಡ ಎರಡು ಥರ ಎಂದು ಆಕೆ ಹೇಳಿಕೊಟ್ಟರು. ಒಂದು, ಕೇಳ್ತಿದೀನಿ ಅನ್ನುವ ಹೂಂ. ಇನ್ನೊಂದು, ಒಪ್ಪಿದೆ ಅನ್ನುವ ಹೂಂ. "ನಾನು ಮೊದಲನೇದು ಅಂದೆ, ನಮ್ಮಮ್ಮ ಎರಡನೇದು ಅಂದ್ಕೊಂಡ್ರು. ಮದುವೆ ಆಗೋಯ್ತು. ನಮ್ಮನೆಯವರು ಒಳ್ಳೆಯವರೇ ಬಿಡಿ. ಆದ್ರೂ ಒಂದು ಮಾತು ಕೇಳ್ಬಹುದಿತ್ತಲ್ಲ!"

ಆ ಕ್ಲಾಸಿನಲ್ಲಿ ಗುಬ್ಬಿ ಎಂಬ ಹುಡುಗಿಯೊಬ್ಬಳಿದ್ದಳು. ಅಪ್ಪನದು ಇಸ್ತ್ರಿ ಅಂಗಡಿ. ಒಂದು ಸಂಜೆ ಅವಳು ಅಂಗಡಿಯಲ್ಲಿ ಅಂಗಿ ಮಡಚುತ್ತಿದ್ದಾಗ ಸೋದರತ್ತೆ ಬಂದು ಪಕ್ಕದಲ್ಲಿ ಕೂತಳು. ಬೇರೆ ಊರಿನಲ್ಲಿ ಅವಳದೊಂದು ಬ್ಯೂಟಿ ಪಾರ್ಲರ್. ಅಲ್ಲಿ ಕೈಯಾಳು ನಿಲ್ಲುತ್ತಿಲ್ಲವಂತೆ, ಗುಬ್ಬಿ ಬಂದರೆ ಕೆಲಸವನ್ನೂ ಕಲಿಯಬಹುದಂತೆ, ಓದು ಎಲ್ಲಿಗೂ ಓಡಿಹೋಗುವುದಿಲ್ಲವಂತೆ. ಅತ್ತೆ ಹೇಳುತ್ತಾ ಹೋದಳು. ಗುಬ್ಬಿ ಕಾಲರಿನ ಮೇಲೆ ಕಣ್ಣಿಟ್ಟು, ಹೂಂ, ಹೂಂ, ಎನ್ನುತ್ತಾ ಹೋದಳು.

ಮುಂದಿನ ಶುಕ್ರವಾರ ಅಪ್ಪ, ಅತ್ತೆ ಇಬ್ಬರೂ ಟೀಸಿ ಕೇಳಲು ಶಾಲೆಗೆ ಬಂದರು. ಹೆಡ್‌ಮಾಸ್ಟರು ಅವರನ್ನು ನೇರ ಟೀಚರ ಕ್ಲಾಸಿಗೇ ಕರೆತಂದರು.

"ಗುಬ್ಬಿ, ಬ್ಯಾಗ್ ತಗೊಂಡು ಬಾಮ್ಮ," ಎಂದರು ಹೆಡ್‌ಮಾಸ್ಟರು.

ಗುಬ್ಬಿಯ ಮುಖ ಬಿಳಿಚಿತು. ಟೀಚರ್ ಅಡ್ಡ ಬಂದರು. "ಅವಳನ್ನ ಕೇಳಿದ್ರಾ?"

"ಕೇಳ್ದೆ ಇರ್ತೀನಾ?" ಅತ್ತೆ ಅಂದಳು. "ಮಾತುಮಾತಿಗೂ ಹೂಂ ಅಂದ್ಲು. ಕಿವಿಯಾರೆ ಕೇಳಿದೀನಿ."

ಇಡೀ ಕ್ಲಾಸು ಒಟ್ಟಿಗೆ ಉಸಿರೆಳೆದುಕೊಂಡಿತು. "ಯಾವ ಹೂಂ ಆಂಟಿ?" ಎಂದು ಗಳ ಕೇಳೇಬಿಟ್ಟ.

"ಹೂಂನಲ್ಲಿ ಯಾವ್ದು ಅಂತ ಬೇರೆ ಇರತ್ತೇನೋ!"

"ಟೀಚರ್, ಇದು ಅವರ ಮನೆ ವಿಷಯ," ಹೆಡ್‌ಮಾಸ್ಟರು ದನಿ ಏರಿಸಿದರು. "ನೀವು ಬಾಯಿ ಹಾಕಿದ್ರೆ ಮುಂದಿನ ವಾರದಿಂದ ಈ ಪೀರಿಯಡ್ಡೇ ಇರಲ್ಲ."

"ತಗೊಳ್ಳಿ ಸಾರ್. ಇವತ್ತಿನದು ಮಾತ್ರ ನಂದು," ಎಂದ ಟೀಚರ್ ಗುಬ್ಬಿಯ ಕಡೆ ತಿರುಗಿದರು. "ನಿನ್ನ ಮಾತು ನೀನೇ ಹೇಳ್ಬೇಕು ಮಗಾ. ನಾನು ಹೇಳಿದ್ರೆ ಅದು ಇನ್ನೊಬ್ಬಳು ಅತ್ತೆ ಹೇಳಿದ ಹಾಗೇ."

ಗುಬ್ಬಿ ಎದ್ದು ನಿಂತಳು. ಕಣ್ಣು ಅಪ್ಪನ ಮುಖದ ಮೇಲಿತ್ತು.

"ಊಹೂಂ, ಅಪ್ಪ. ನಾನು ಹೋಗಲ್ಲ. ನಾನು ಓದ್ತೀನಿ."

"ಯಾಕಂತೆ? ಏನು ಕಮ್ಮಿ ಮಾಡ್ತೀನಂತೆ ನಾನು?" ಅತ್ತೆ ಸೊಂಟಕ್ಕೆ ಕೈಯಿಟ್ಟಳು.

ಗುಬ್ಬಿ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಎಳೆಯಲು ದಾರ ಕೊಡಲಿಲ್ಲ.

ಅಪ್ಪ ಮಗಳನ್ನು ನೋಡಿದ. ಅಕ್ಕ ಗೆರೆ ಎಳೆದರೆ ದಾಟದೆ ಬೆಳೆದ ತಮ್ಮ ಅವನು. ಇಸ್ತ್ರಿಯ ಬಿಸಿಗೆ ಕಪ್ಪಾದ ಬೆರಳುಗಳನ್ನು ಹಿಸುಕಿಕೊಂಡು, ನೆಲ ನೋಡುತ್ತಲೇ ಹೇಳಿದ: "ಅಕ್ಕಾ, ಮನೆಗೆ ಹೋಗೋಣ ನಡಿ. ಟೀಸಿ ಬೇಡ."

"ಅಯ್ಯೋ, ನಿಂಗೂ ಇಲ್ಲೇ ಪಾಠ ಆಯ್ತಾ!" ಎಂದು ಅತ್ತೆ ದಡದಡನೆ ಹೊರಟಳು. ಆಮೇಲೆ ಬಹಳ ಕಾಲ ಅವಳು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಪ್ಪನಿಗೆ ನೋವಾಯಿತು, ಗುಬ್ಬಿಗೂ ಆಯಿತು. ಆದರೂ ಅವಳು ಶಾಲೆ ತಪ್ಪಿಸಲಿಲ್ಲ.

ಹೆಡ್‌ಮಾಸ್ಟರು ಆಡಿದ ಮಾತಿನಂತೆ ಆ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರು. ಟೀಚರ್ ಜಗಳಕ್ಕೆ ಹೋಗಲಿಲ್ಲ. ಶಾಲೆ ಬಿಟ್ಟ ಮೇಲೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತರು, ಬೇಕಾದವರು ಬಂದರು. ಜವಾನ ಬೀಗ ಹಿಡಿದುಕೊಂಡು ಬಂದ.

"ಗೇಟ್ ಹಾಕ್ಬೇಕಂತೆ ಮೇಡಂ. ಸಾಹೇಬ್ರು ಹೇಳಿದಾರೆ."

"ಹಾಕ್ಕೊಳ್ಳಪ್ಪ, ನಿನ್ನ ಕೆಲಸ ನೀನು ಮಾಡು," ಎಂದ ಟೀಚರ್ ಮಕ್ಕಳನ್ನು ಕರೆದುಕೊಂಡು ಗೇಟಿನ ಆಚೆ ಫುಟ್‌ಪಾತಿಗೆ ನಡೆದರು. ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಒಳಗೆ ಆಫೀಸಿನ ಕಿಟಕಿಯಲ್ಲಿ ಹೆಡ್‌ಮಾಸ್ಟರು ನಿಂತಿದ್ದು ಎಲ್ಲರಿಗೂ ಕಾಣುತ್ತಿತ್ತು.

"ಇವತ್ತಿನ ಪಾಠ," ಟೀಚರ್ ಗಂಟಲು ಸರಿಮಾಡಿಕೊಂಡರು, "ಗದ್ದಲದಲ್ಲಿ ಕಿರುಚದೆ ಕೇಳಿಸೋ ಹಾಗೆ ಮಾತಾಡೋದು ಹೇಗೆ ಅಂತ. ಯಾರು ಶುರು ಮಾಡ್ತೀರಿ?"

ಗುಬ್ಬಿ ಬ್ಯಾಗು ಕೆಳಗಿಟ್ಟು ಮುಂದೆ ಬಂದಳು.