ಬೆನ್ನು ತಿರುಗಿಸಿ ಆರಿಸಿದ ಗ್ರಾಫಿಕ್ಸ್ ಕಾರ್ಡ್

೨೦೦೫ರಲ್ಲಿ ನಾನು ಚೆನ್ನೈನ ರಿಚಿ ಸ್ಟ್ರೀಟಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರ್ ಕಟ್ಟಿಕೊಡುವುದು, ಕೆಟ್ಟರೆ ಬೈಗುಳ ತಿನ್ನುವುದು. ಮೈಸೂರಿನಿಂದ ಮದುವೆಯಾಗಿ ಬಂದವಳು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದು ಕಂಡು, "ಎಂಜಿನಿಯರ್ ಯಾವಾಗ ಬರ್ತಾರೆ ಮೇಡಂ?" ಎಂದು ನನ್ನನ್ನೇ ಕೇಳುವ ಗಿರಾಕಿಗಳಿಗೆ ಬರವಿರಲಿಲ್ಲ.

ಆಗ ಗೇಮಿಂಗ್ ಹುಚ್ಚು ಜೋರಾಗಿತ್ತು. ಆಟದ ದೃಶ್ಯಗಳನ್ನು ಲೆಕ್ಕ ಹಾಕಿ ಪರದೆಗೆ ಕಳಿಸುವ ಭಾಗಕ್ಕೆ ಗ್ರಾಫಿಕ್ಸ್ ಕಾರ್ಡ್ ಎನ್ನುತ್ತಾರೆ. ಬಜೆಟ್ ಕಡಿಮೆಯಿದ್ದವರು ಡಬ್ಬದ ಮೇಲಿನ ಮೆಮೊರಿ ಅಂಕಿ ನೋಡಿ ಮರುಳಾಗುತ್ತಿದ್ದರು. ಮೆಮೊರಿ ದೊಡ್ಡದಿದ್ದು ಚಿಪ್ ಮಂದವಾಗಿದ್ದರೆ ಆಟ ಕುಂಟುತ್ತದೆಂದು ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಮಾಡಿದ್ದೆವು: ಗಿರಾಕಿಯನ್ನು ಪರದೆಯ ಮುಂದೆ ಕೂರಿಸಿ, ಒಂದೇ ಆಟವನ್ನು ಬೇರೆ ಬೇರೆ ಕಾರ್ಡುಗಳಲ್ಲಿ ಓಡಿಸಿ ತೋರಿಸುವುದು. ಕಣ್ಣಾರೆ ಕಂಡ ಮೇಲೆ ವಾದ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಿರಿಜಮ್ಮ ಬಂದರು. ಕುಂದಾಪುರದ ಕಡೆಯವರು, ಯಜಮಾನರು ಅಂಬತ್ತೂರಿನ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿದ್ದರು. ಮಗ ಸುಧೀರನ ಕಂಪ್ಯೂಟರಿಗೆ ಆರು ಸಾವಿರದೊಳಗೆ ಕಾರ್ಡ್ ಬೇಕಿತ್ತು. ನಾನು ಕುರ್ಚಿ ಎಳೆದು, ಕಾರ್ ರೇಸ್ ಶುರುಮಾಡಿ, ನೋಡಿ ಎಂದೆ. ಅವರು ಕೂರಲಿಲ್ಲ. ಪರದೆಗೆ ಬೆನ್ನು ತಿರುಗಿಸಿ ನಿಂತು ಕಣ್ಣು ಮುಚ್ಚಿಕೊಂಡರು.

"ಆ ಕಡೆ ಅಲ್ಲಮ್ಮ, ಚಿತ್ರ ಇಲ್ಲಿದೆ," ಎಂದೆ. ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ.

"ಚಿತ್ರ ಅವ ಕಾಣ್ಲಿ. ನಾನು ಶಬ್ದ ಕೇಂಬುಕೆ ಬಂದದ್ದು," ಎಂದರು.

ಕಾರ್ಡಿನ ಚಿಪ್ ಕಾಯದಿರಲೆಂದು ಅದರ ಮೇಲೊಂದು ಪುಟ್ಟ ಫ್ಯಾನ್ ಇರುತ್ತದೆ. ಒಳ್ಳೆಯ ಕಾರ್ಡಾದಷ್ಟೂ ಗುಂಯ್ ಎನ್ನುವ ಸದ್ದು ಜಾಸ್ತಿ. ನಾನು ಒಂದೊಂದೇ ಕಾರ್ಡ್ ಬದಲಿಸಿದೆ. ಅವರು ಪ್ರತಿಸಲವೂ ತಲೆಯಲ್ಲಾಡಿಸಿದರು. ಹೊರಗೆ ಆಟೋಗಳು ಅರಚುತ್ತಿರುವಾಗ ಅಂಗಡಿಯಲ್ಲಿ ನಿಂತು ಈ ಹೆಂಗಸು ಫ್ಯಾನಿನ ಸದ್ದು ಆರಿಸುತ್ತಿದ್ದಾರಲ್ಲ ಎಂದು ನನಗೆ ರೇಗಿತು. ಸದ್ದಿದ್ದರೆ ಏನಮ್ಮ ತೊಂದರೆ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

ಆಗ ಹೇಳಿದರು. ಸುಧೀರನಿಗೆ ಹತ್ತೊಂಬತ್ತು ವರ್ಷ. ಚಿಕ್ಕಂದಿನಿಂದ ಸ್ನಾಯುಗಳು ಸೋಲುತ್ತಾ ಬಂದ ಕಾಯಿಲೆ. ಈಗ ಕೈಬೆರಳು ಬಿಟ್ಟರೆ ಏನೂ ಆಡುವುದಿಲ್ಲ. ಮಲಗಿದಲ್ಲಿ ಕತ್ತು ವಾಲಿದರೆ ತಾನಾಗಿ ಎತ್ತಲಾರ, ಕೂಗಲು ದನಿಯೂ ಸಾಲದು. ಉಸಿರಿನ ಸದ್ದು ಬದಲಾದ ಕೂಡಲೇ ಇವರು ಎದ್ದು ಹೊರಳಿಸಬೇಕು. ಬಾಗಿಲಾಚೆಯ ಸದ್ದನ್ನು ಅವರ ಕಿವಿ ಬೇರೆ ಮಾಡಬಲ್ಲದು. ಕೋಣೆಯೊಳಗೇ, ಮಂಚದ ಪಕ್ಕದಲ್ಲೇ ಫ್ಯಾನ್ ಗುಂಯ್‌ಗುಟ್ಟಿದರೆ ಉಸಿರು ಅದರಲ್ಲಿ ಮುಳುಗುತ್ತದೆ. ಅವನೋ ಆಡುತ್ತಾ ಆಡುತ್ತಾ ಹಾಗೇ ನಿದ್ದೆ ಹೋಗುವವನು.

ನಾನು ಓಡುತ್ತಿದ್ದ ರೇಸ್ ನಿಲ್ಲಿಸಿದೆ. ಸದ್ದಿನ ಕಾರ್ಡನ್ನೇ ಕಟ್ಟಿಕೊಟ್ಟಿದ್ದರೆ ಎಂದು ನನಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಫ್ಯಾನೇ ಇಲ್ಲದೆ ಬರೀ ಅಲ್ಯೂಮಿನಿಯಂ ಪಟ್ಟಿಗಳಿಂದ ತಣಿಯುವ ಕಾರ್ಡೊಂದಿತ್ತು. ಸದ್ದಿಲ್ಲ, ವೇಗವೂ ಇಲ್ಲ. ಗಿರಿಜಮ್ಮ ಅದನ್ನೇ ಒಪ್ಪಿದರು. ಮರುದಿನ ಅಂಬತ್ತೂರಿನ ಅವರ ಮನೆಗೆ ಹೋಗಿ ನಾನೇ ಹಾಕಿಕೊಟ್ಟೆ. ದಿಂಬುಗಳ ನಡುವೆ ಒರಗಿದ್ದ ಸುಧೀರ ಎರಡು ಬೆರಳಲ್ಲಿ ಮೌಸ್ ಹಿಡಿದು ರೇಸ್ ಶುರುಮಾಡಿದ. ತಿರುವಿನಲ್ಲಿ ಚಿತ್ರ ತಡವರಿಸಿತು. ಕಾರು ಗೋಡೆಗೆ ಬಡಿಯಿತು. ಮತ್ತೆ ಆಡಿದ, ಮತ್ತೆ ಬಡಿಯಿತು.

"ಅಕ್ಕಾ, ಇದು ವೇಂಡಾಂ, ಬೇಡ," ಎಂದ. ತಮಿಳು ಶಾಲೆಯ ಹುಡುಗ. ಕನ್ನಡ ಅರ್ಧದಲ್ಲೇ ಮುಗಿಯುತ್ತಿತ್ತು. "ಎಲ್ಲದ್ರಲ್ಲೂ ನಾನ್ ಸ್ಲೋ. ಇಲ್ಲಿ ಮಾತ್ರ ಎಲ್ರಿಗಿಂತ ಫಾಸ್ಟ್. ಇಲ್ಲೂ ಸ್ಲೋ ಮಾಡ್ಬೇಡಿ."

ತಾಯಿ ಸದ್ದಿನ ಮಾತೆತ್ತಿದರು. ಅವನು ಪರದೆಯಿಂದ ಕಣ್ಣು ತೆಗೆಯದೆ, "ನಾನ್ ಎಂಗಮ್ಮಾ ಪೋಗಪ್ಪೋರೇನ್?" ಎಂದ. ನಾನೆಲ್ಲಿಗಮ್ಮ ಹೋಗ್ತೀನಿ ಅಂತ. ಗಿರಿಜಮ್ಮ ದಿಂಬು ಸರಿಮಾಡುವ ನೆಪದಲ್ಲಿ ಬಗ್ಗಿಕೊಂಡರು. ಆ ಪ್ರಶ್ನೆ ಆ ಕೋಣೆಯಲ್ಲಿ ನಿಂತ ಹಾಗೆ ನನ್ನೊಳಗೆ ಇವತ್ತಿಗೂ ನಿಂತಿದೆ.

ಇಬ್ಬರದೂ ಸರಿಯಾಗಿದ್ದಾಗ ಏನು ಮಾಡುವುದು? ಬಸ್ಸಿನಲ್ಲಿ ವಾಪಸಾಗುವಾಗ ನನಗೆ ಹೊಳೆದದ್ದು ತೀರಾ ಸರಳ ಉಪಾಯ. ಕಾರ್ಡ್ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆವು. ಅದು ಎಲ್ಲಿರಬೇಕೆಂದು ಯೋಚಿಸಿರಲಿಲ್ಲ. ಫ್ಯಾನಿರುವ ವೇಗದ ಕಾರ್ಡ್ ಹಾಕಿ, ಕಂಪ್ಯೂಟರಿನ ಪೆಟ್ಟಿಗೆಯಾದ ಕ್ಯಾಬಿನೆಟನ್ನೇ ಹಾಲ್‌ನಲ್ಲಿಟ್ಟು, ಗೋಡೆಯ ತೂತಿನಿಂದ ಕೇಬಲ್ ಮಾತ್ರ ಒಳಗೆ ಬಿಡುವುದು. ಗೋಡೆ ಕೊರೆಯಲು ಮನೆ ಮಾಲೀಕರನ್ನು ಒಪ್ಪಿಸಿದ್ದು ಗಿರಿಜಮ್ಮ. ಅಗ್ಗದ ಉದ್ದ ಕೇಬಲ್ ಹಾಕಿದಾಗ ಅಕ್ಷರಗಳ ಪಕ್ಕ ಮಸುಕು ನೆರಳು ಬಿತ್ತು. ದಪ್ಪ ಕವಚದ ಕೇಬಲ್ ತಂದು ಹಾಕಿದೆ. ಕಾರು ತಿರುವಿನಲ್ಲಿ ಜಾರಿದಂತೆ ಹೋಯಿತು. ಸುಧೀರ ದನಿಯಿಲ್ಲದೆ, ಬಾಯಿ ತುಂಬ ನಕ್ಕ. ಗಿರಿಜಮ್ಮ ಬಾಗಿಲು ಮುಚ್ಚಿ ಮಗನ ಪಕ್ಕ ನೆಲದ ಮೇಲೆ ಕೂತು ಕಿವಿಗೊಟ್ಟರು. "ಈಗ ಕೇಂತ್ತು," ಎಂದರು. ನಾನೂ ಉಸಿರು ಬಿಗಿಹಿಡಿದು ಕೇಳಿದೆ. ತೆಳ್ಳಗೆ, ಎಳೆ ಎಳೆಯಾಗಿ ಅವನ ಉಸಿರು ಕೇಳಿಸಿತು.

ಅಲ್ಲಿಂದಾಚೆ ಅವನು ಗೆದ್ದಾಗಲೆಲ್ಲ ಅಂಗಡಿಗೆ ಗಿರಿಜಮ್ಮನ ಫೋನ್ ಬರುತ್ತಿತ್ತು, ಅವರೇ ಕಾರು ಓಡಿಸಿದ ಹಾಗೆ. ಎರಡನೆಯ ವರ್ಷ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದು ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ತೀರಿಕೊಂಡ. ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರಿಂದ ಕೊನೆಯ ಉಸಿರು ತಾಯಿಗೆ ಕೇಳಿಸಲಿಲ್ಲ.

ಕೆಲವು ದಿನಗಳ ಮೇಲೆ ಗಿರಿಜಮ್ಮನ ಯಜಮಾನರು ಫೋನ್ ಮಾಡಿ ಕಂಪ್ಯೂಟರ್ ಒಯ್ಯಲು ಹೇಳಿದರು. ಹೋದೆ. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಯಾರೂ ಅದನ್ನು ಆರಿಸಿರಲಿಲ್ಲ, ಆಮೇಲೂ ಮುಟ್ಟಿರಲಿಲ್ಲ. ಹಾಲ್‌ನಲ್ಲಿ ಅದು ಗುಂಯ್ ಎನ್ನುತ್ತಲೇ ಇತ್ತು. ಆರಿಸಿದೆ. ಫ್ಯಾನ್ ನಿಧಾನಕ್ಕೆ ಸುತ್ತಿ ನಿಂತಿತು. ಮನೆಯಲ್ಲಿ ಎಂಥ ಮೌನ ಕವಿಯಿತೆಂದರೆ ನನ್ನ ಕೈ ಸ್ವಿಚ್ಚಿನ ಮೇಲೇ ಉಳಿಯಿತು.

ಕೋಣೆಯಿಂದ ಗಿರಿಜಮ್ಮ ಹೊರಗೆ ಬಂದರು. ನಿದ್ದೆಯಿಲ್ಲದೆ ಕಣ್ಣುಗಳು ಒಳಗೆ ಹೋಗಿದ್ದವು.

"ಮತ್ತೆ ಹಾಕಿ ಮಾರಾಯ್ತೀ, ಕೋಣೆಯೊಳಗೇ ಇಟ್ಟು. ಇಷ್ಟು ವರ್ಷ ತೆರೆದಿಟ್ಟ ಕಿವಿ, ಮುಚ್ಚೂಕೆ ಬತ್ತಿಲ್ಲೆ. ಕೋಣೆಯಲ್ಲಿ ಸದ್ದಿಲ್ದಿದ್ರೆ ಅವನನ್ನೇ ಹುಡುಕ್ತದೆ."

ಪರದೆ ಬೇಡ, ಕೀಬೋರ್ಡ್ ಬೇಡ ಎಂದರು. ನಾನು ಕ್ಯಾಬಿನೆಟ್ ಒಂದನ್ನೇ ಕೋಣೆಗೆ ಒಯ್ದು ಖಾಲಿ ಮಂಚದ ಪಕ್ಕ ಇಟ್ಟು ಚಾಲೂ ಮಾಡಿದೆ. ಅವರು ನೆಲದ ಚಾಪೆಯ ಮೇಲೆ ತಮ್ಮ ಜಾಗದಲ್ಲಿ ಮಲಗಿದರು. ನಾನು ಉದ್ದದ ಕೇಬಲ್ ಸುತ್ತಿ ಮುಗಿಸುವಷ್ಟರಲ್ಲಿ ನಿದ್ದೆ ಹೋಗಿದ್ದರು. ಯಜಮಾನರು ಬಾಗಿಲಲ್ಲಿ ನಿಂತು ಅಳುತ್ತಿದ್ದರು. ನಾನೂ ಅತ್ತೆ.

ಆಮೇಲೆ ಎಷ್ಟೋ ವರ್ಷ ಅದೇ ಕೆಲಸ ಮಾಡಿದೆ. ಗೇಮಿಂಗ್ ಕಂಪ್ಯೂಟರ್ ಕೇಳಿ ಬಂದವರಿಗೆ ಬಜೆಟ್ ಕೇಳುವ ಮೊದಲು, ಆ ಕೋಣೆಯಲ್ಲಿ ಇನ್ಯಾರು ಮಲಗುತ್ತಾರೆ ಎಂದು ಕೇಳುತ್ತಿದ್ದೆ. ಒಂದು ಯಂತ್ರ ಮನೆಗೆ ಹೋದರೆ ಅದನ್ನು ಆಡಿಸುವವನ ಜೊತೆಗಷ್ಟೇ ಬಾಳುವುದಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಕಲಿಸದೆ ಅಂಟಿಸಿದ್ದು ಇನ್ನೊಂದಿದೆ. ಈಗಲೂ ಕರೆಂಟು ಹೋಗಿ ಮನೆಯ ಫ್ಯಾನುಗಳೆಲ್ಲ ನಿಂತಾಗ, ಪಕ್ಕದಲ್ಲಿ ಮಲಗಿದ ನನ್ನವರ ಉಸಿರಿಗೆ ಕಿವಿಗೊಡುತ್ತೇನೆ. ಅದು ಕೇಳಿಸಿದ ಮೇಲೇ ಮೇಣದಬತ್ತಿ ಹುಡುಕಲು ಏಳುವುದು.