ಅತ್ತೆಯ ಹಿಮ್ಮಡಿಗೆ ಅಕ್ಕನ ಕ್ರೀಮು

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಕರೆದಾಗಲೆಲ್ಲ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಎಸ್.ಎಸ್. ಬಡಾವಣೆಯ ಆ ಮನೆಗೆ ನಾನು ಕಿರಿಯ ಸೊಸೆ. ಚಳಿಗಾಲ ಬಂತೆಂದರೆ ಅತ್ತೆಯ ಹಿಮ್ಮಡಿ ಬಿರುಕು ಬಿಟ್ಟು ರಕ್ತ ಒಸರುತ್ತಿತ್ತು. ಅಕ್ಕ ಮನೆಯಲ್ಲೇ ಕ್ರೀಮು ಮಾಡಿ ಹಚ್ಚುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿ, "ನಿನ್ನ ಹೊಟ್ಟೆ ತಣ್ಣಗಿರ್ಲವ್ವ" ಎನ್ನುತ್ತಿದ್ದರು. ಆ ಮಾತು ಒಮ್ಮೆಯಾದರೂ ನನಗೆ ಬೇಕಿತ್ತು.

ನಾನೂ ಎಣ್ಣೆ, ಜೇನುಮೇಣ, ನೀರು ಕೂಡಿಸಿ ಕದಡಿದೆ. ಬೆಳಗಾಗುವಷ್ಟರಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ. ಅಕ್ಕ ಗುಟ್ಟು ಮುಚ್ಚಿಡಲಿಲ್ಲ. ನನಗೆ ಅದೇ ಇನ್ನಷ್ಟು ಉರಿ. ಹರಿಹರದ ತನ್ನ ಅಣ್ಣನ ಅಂಗಡಿಯಿಂದ ತಂದ ಬಿಳಿ ಚಕ್ಕೆಗಳನ್ನು ಮುಂದೆ ಹಿಡಿದು, "ಇದನ್ನ ಒಂದಿಷ್ಟು ಹಾಕು, ಒಡೆಯಲ್ಲ" ಎಂದಳು. ಬೇಡವೆಂದೆ. ಬೆಣ್ಣೆಯ ಊರಿನಲ್ಲಿ ನನಗೇಕೆ ಅವಳ ಚಕ್ಕೆ? ಬೆಣ್ಣೆ ಹಾಕಿಯೇ ಕ್ರೀಮು ಮಾಡಿ ಅತ್ತೆಗೆ ಹಚ್ಚಿದೆ. ಮಧ್ಯಾಹ್ನ ಮಲಗಿದ್ದ ಅತ್ತೆಯ ಹಿಮ್ಮಡಿಯನ್ನು ಪಕ್ಕದ ಮನೆಯ ಬೆಕ್ಕು ನೆಕ್ಕುತ್ತ ಕೂತಿತ್ತು. ಮನೆಯವರೆಲ್ಲ ನಕ್ಕರು, ಅಕ್ಕನೊಬ್ಬಳು ನಗಲಿಲ್ಲ. ಅವಳೂ ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮುಂದಿನ ವಾರ ಹರಿಹರದ ಬಸ್ಸು ಹತ್ತಿದೆ. ಸೋಪು, ಕ್ರೀಮು ಮಾಡುವ ಸಾಮಾನಿನ ಅಂಗಡಿ ಅದು. ಆ ಚಕ್ಕೆ ಏನೆಂದು ಅಕ್ಕನ ಅಣ್ಣನನ್ನು ಕೇಳಿದೆ.

"ಸಿಟೈಲ್ ಆಲ್ಕೋಹಾಲ್ ಅಂತಾರ್ರಿ. ಹೆಸರು ಹಂಗೈತೆ, ಅಮಲಿನದಲ್ಲ. ಎಣ್ಣೆಯಿಂದ್ಲೇ ತೆಗೀತಾರೆ. ಇದನ್ನ ಹಾಕಿದ್ರೆ ಎಣ್ಣೆ, ನೀರು ಬೇಗ ಬ್ಯಾರೆ ಆಗಲ್ಲ. ಚರ್ಮ ಮೆತ್ತಗಾಗ್ತೈತೆ, ಜಿಡ್ಡೂ ಅನ್ಸಲ್ಲ."

"ಯಾವ ಎಣ್ಣೆ?"

"ತಾಳೆ ಎಣ್ಣೆ ರೀ, ಹೊರದೇಶದ್ದು. ಅಲ್ಲಿ ಕಾಡು ಕಡಿದು ತಾಳೆ ಹಚ್ತಾರಂತೆ."

ಏನನ್ನೂ ಕೊಳ್ಳದೆ, ಲಾಟರಿ ಹೊಡೆದವಳಂತೆ ಮರಳಿದೆ. ಸಂಜೆ ಅಕ್ಕ ಕ್ರೀಮು ಹಚ್ಚುತ್ತಿದ್ದಾಗ ಅತ್ತೆಯ ಎದುರೇ ಕೇಳಿದೆ: "ಅಕ್ಕಾ, ನಿಮ್ಮ ಕ್ರೀಮಿಗೆ ಎಲ್ಲೋ ಕಾಡು ಕಡೀತಾರಂತೆ, ಗೊತ್ತೈತಾ?" ಅಲ್ಲಿಯವರೆಗೆ ನನಗೆ ಕಾಡಿನ ಮೇಲೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ. ಅಕ್ಕನ ಕೈ ನಿಂತಿತು. ಅತ್ತೆ ಕಾಲು ಎಳೆದುಕೊಂಡರು. ಅಂದು ಊಟಕ್ಕೆ ನಾನು ಒಂದು ರೊಟ್ಟಿ ಹೆಚ್ಚೇ ತಿಂದೆ.

ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಅಣ್ಣನಿಗೆ ಹೇಳಿ, ನಮ್ಮ ಕಡೆಯ ತೆಂಗಿನೆಣ್ಣೆಯಿಂದ ಮಾಡಿದ್ದೆನ್ನುವ ಚಕ್ಕೆ ತರಿಸಿದಳು. ಕ್ರೀಮು ಮೊದಲಿನಷ್ಟೇ ನಯವಾಯಿತು. ಪಿ.ಜೆ. ಬಡಾವಣೆಯಿಂದ ನೆಂಟರು ಬಂದಾಗ ಅತ್ತೆ ಕಾಲು ಚಾಚಿ ತೋರಿಸಿದರು. "ನಮ್ಮ ದೊಡ್ಡ ಸೊಸೆ ತಿಳುವಳಿಕೆ ನೋಡ್ರಿ. ಎಲ್ಲೋ ಇರೋ ಕಾಡಿಗೂ ಕೇಡಾಗಬಾರ್ದು ಅಂತಾಳೆ."

"ಅದನ್ನ ಹೇಳಿದ್ದು ತಂಗಿ" ಎಂದು ಅಕ್ಕ ನನ್ನತ್ತ ಕೈ ತೋರಿಸಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ನನಗೆ ಚಹಾ ತರಲು ಹೇಳಿದರು.

ಲೋಟ ಕೊಡುವಾಗ ಪಾತ್ರೆ ತಿಕ್ಕಿ ಒಡೆದ ನನ್ನ ಬೆರಳುಗಳನ್ನು ಅಕ್ಕ ನೋಡಿದಳು. ಅಡುಗೆಮನೆಗೆ ಬಂದು, ನನ್ನ ಕೈ ಹಿಡಿದು ಕ್ರೀಮು ಹಚ್ಚತೊಡಗಿದಳು. ಉರಿ ಇಳಿಯುತ್ತ ಬಂತು. ಅವಳನ್ನು ಕಂಡರೆ ಆಗುತ್ತಿದ್ದ ಸಂಕಟ ಮಾತ್ರ ಇಳಿಯಲಿಲ್ಲ. ಕೈ ಕಿತ್ತುಕೊಳ್ಳಬೇಕು ಅಂದುಕೊಂಡೆ. ಇನ್ನೊಂದು ಕೈಯನ್ನೂ ಚಾಚಿದೆ.